ಜಗನ್ಮೋಹನ ಅರಮನೆಯ ಯೋಗಶಾಲೆ

ಮೈಸೂರಿನ ಜಗನ್ಮೋಹನ ಅರಮನೆಗೆ ಚಿತ್ರಶಾಲೆಯನ್ನು ನೋಡುವ ಕುತೂಹಲದಿಂದ ಹೋಗಿ, ರವಿವರ್ಮನ ವರ್ಣಚಿತ್ರಗಳ ಮುಂದೆ ಒಂದಿಷ್ಟು ಹೊತ್ತು ನಿಂತು ಹಿಂತಿರುಗುವವರು ಅನೇಕರು. ಆ ಅರಮನೆಯಲ್ಲಿಯೇ 1933ರಿಂದ 1950ರವರೆಗೆ ಒಂದು ಯೋಗಶಾಲೆ ನಡೆಯುತ್ತಿತ್ತೆಂಬುದನ್ನೂ, ದೇಶವಿದೇಶಗಳ ನಗರಗಳಲ್ಲಿ ಜನರು ಇಂದು ಆರೋಗ್ಯಾರ್ಥವಾಗಿ ಅಭ್ಯಾಸ ಮಾಡುವ ಆಸನಕ್ರಮಗಳಲ್ಲಿ ಅತ್ಯಂತ ಪ್ರಸಿದ್ಧವಾದ ಕೆಲವು ಅಲ್ಲಿಂದಲೇ ಹೊರಟವೆಂಬುದನ್ನೂ ಬಲ್ಲವರು ವಿರಳ.

ಯೋಗವು ಮೂಲತಃ ದೇಹಾರೋಗ್ಯಕ್ಕೆಂದು ಹುಟ್ಟಿದ ವಿದ್ಯೆಯಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪತಂಜಲಿಗೆ ಬೇಕಾಗಿದ್ದುದು ಚಿತ್ತಚಾಂಚಲ್ಯದ ಉಪಶಮನ. ಆಸನದ ವಿಷಯದಲ್ಲಿ ಆತನು ಆಡಿರುವ ಮಾತು ಅತ್ಯಲ್ಪ. ಆದರೂ ಸಾಧಕನ ಮಾರ್ಗದಲ್ಲಿ ಅಡ್ಡಬರುವ ಒಂಬತ್ತು ವಿಘ್ನಗಳನ್ನು ಎಣಿಸುವಾಗ ಆತನು ಮೊತ್ತಮೊದಲು ಹೆಸರಿಸುವುದು ವ್ಯಾಧಿಯನ್ನು. ವಿಕ್ಷಿಪ್ತವಾದ ಮನಸ್ಸಿನ ಸಹಚರಗಳೆಂದು ಅನಂತರ ಹೇಳುವುದು ದುಃಖ, ದೌರ್ಮನಸ್ಯ, ಅಂಗಗಳ ಕಂಪನ ಮತ್ತು ಉಸಿರಿನ ಏರುಪೇರುಗಳನ್ನು. ದೇಹ, ಉಸಿರು, ಮನಸ್ಸು ಈ ಮೂರೂ ಒಂದನ್ನೊಂದು ಕೆಡಿಸಬಲ್ಲವು, ಆದುದರಿಂದಲೇ ಒಂದನ್ನೊಂದು ತಿದ್ದಲೂ ಬಲ್ಲವು ಎಂಬ ತಿಳಿವಳಿಕೆಯ ಬೀಜ ಇಲ್ಲಿಯೇ ಇದೆ. ಸುಮಾರು 15ನೆಯ ಶತಮಾನದ ಹಠಯೋಗಪ್ರದೀಪಿಕೆಯಲ್ಲಿ ಸ್ವಾತ್ಮಾರಾಮನು ಸ್ಥೈರ್ಯ, ಆರೋಗ್ಯ, ಅಂಗಲಾಘವಗಳನ್ನು ಆಸನದ ಫಲವೆಂದು ಸ್ಪಷ್ಟವಾಗಿ ನಿರ್ದೇಶಿಸಿದನು. ಆದರೆ ಆ ಫಲವೂ ಗುರುವಿನ ಕುಟೀರದಲ್ಲಿ ಶಿಷ್ಯನೊಬ್ಬನಿಗೆ ದೊರೆಯುವಂಥದು; ಊರ ಹುಡುಗರೆಲ್ಲರಿಗಲ್ಲ.

ಮೈಸೂರಿನ ಅರಸರಿಗೆ ಈ ವಿದ್ಯೆಯಲ್ಲಿ ಆಸಕ್ತಿ ಹುಟ್ಟಿದ್ದು ಇಪ್ಪತ್ತನೆಯ ಶತಮಾನದಲ್ಲಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯೆಂಬ ಸಚಿತ್ರ ಬೃಹದ್ಗ್ರಂಥದಲ್ಲಿ 122 ಆಸನಗಳ ಚಿತ್ರಗಳಿವೆ. ಅವುಗಳಲ್ಲಿ ಕೆಲವು ಹಗ್ಗವನ್ನು ಹಿಡಿದು ಮಾಡುವಂಥವು. ಮತ್ತೆ ಕೆಲವನ್ನು ನೋಡಿದರೆ ಗರಡಿಮನೆಯ ದಂಡೆಗಳ ನೆನಪಾಗದೆ ಇರದು. ಜಟ್ಟಿಗಳನ್ನು ಸಾಕಿ, ದಸರೆಯಲ್ಲಿ ಕಾಳಗ ನಡೆಯಿಸುತ್ತಿದ್ದ ಸಂಸ್ಥಾನದಲ್ಲಿ ಯೋಗವೂ ಗರಡಿಯೂ ಪರಸ್ಪರ ಪರಿಚಯವಿಲ್ಲದೆ ಬಾಳಿದವೆಂದು ನಾನಂತೂ ನಂಬಲಾರೆ.

ಈ ಪರಂಪರೆಗೆ ಶಾಲೆಯ ರೂಪವನ್ನು ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಚಿತ್ರದುರ್ಗದ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿ, ಮೈಸೂರಿನಲ್ಲಿಯೂ ಕಾಶಿಯಲ್ಲಿಯೂ ಶಾಸ್ತ್ರಾಧ್ಯಯನ ಮಾಡಿದ ತಿರುಮಲೆ ಕೃಷ್ಣಮಾಚಾರ್ಯರನ್ನು ಅವರು ಯೋಗಾಧ್ಯಾಪಕರನ್ನಾಗಿ ನಿಯಮಿಸಿದರು. ಶಿಷ್ಯರು ಬಹುಮಟ್ಟಿಗೆ ಅರಸು ಮನೆತನಗಳ ಬಾಲಕರು. ಕಣ್ಣುಮುಚ್ಚಿ ಧ್ಯಾನಕ್ಕೆ ಕುಳಿತುಕೊಳ್ಳಿರೆಂದರೆ ಕುಳಿತುಕೊಳ್ಳುವ ವಯಸ್ಸು ಅದಲ್ಲವಷ್ಟೆ. ಉಸಿರಿನ ಲೆಕ್ಕಕ್ಕೆ ಸರಿಯಾಗಿ ಒಂದು ಆಸನದಿಂದ ಮತ್ತೊಂದಕ್ಕೆ ನೆಗೆದು ಸಾಗುವ, ವಿನ್ಯಾಸವೆಂಬ ಚುರುಕಾದ ಕ್ರಮವು ಅಲ್ಲಿ ಬೆಳೆದುದಕ್ಕೆ ಆಚಾರ್ಯರ ಪಾಂಡಿತ್ಯದಷ್ಟೇ ಆ ಹುಡುಗರ ಕಾಲ್ಗಳ ಚಡಪಡಿಕೆಯೂ ಕಾರಣವಾಗಿರಬೇಕು. ಅದೇ ಅರಮನೆಯ ಆವರಣದಲ್ಲಿ ಬೆಂಗಳೂರಿನ ಕೆ.ವಿ. ಅಯ್ಯರ್ ಅವರ ಅಂಗಸಾಧನೆಯ ಶಿಕ್ಷಣವೂ ನಡೆಯುತ್ತಿತ್ತು. ‘ಶಾಂತಲಾ’ ಕಾದಂಬರಿಯ ಕರ್ತೃವೆಂದು ಕನ್ನಡಿಗರು ಬಲ್ಲ ಅಯ್ಯರ್ ಇವರೇ. 1934ರಲ್ಲಿ ಕನ್ನಡದಲ್ಲಿಯೇ ಅಚ್ಚಾದ ಕೃಷ್ಣಮಾಚಾರ್ಯರ ‘ಯೋಗಮಕರಂದ’ವು ಆಸನವೊಂದೊಂದರಿಂದ ಯಾವ ಯಾವ ರೋಗ ಶಮನವಾಗುವುದೆಂಬುದನ್ನು ಹೇಳುತ್ತ ಹೋಗುವ ರೀತಿಯನ್ನು ನೋಡಿದರೆ, ಮೋಕ್ಷಶಾಸ್ತ್ರವೊಂದು ಗೃಹಸ್ಥರ ವೈದ್ಯವಾಗಿ ಮಾರ್ಪಡುತ್ತಿದ್ದ ಸಂಧಿಕಾಲವು ಕಣ್ಣಿಗೆ ಕಟ್ಟುತ್ತದೆ.

ಯೋಗಕ್ಕೆ ಜನರನ್ನು ಆಕರ್ಷಿಸುವುದಕ್ಕಾಗಿ ಪ್ರದರ್ಶನಗಳೂ ನಡೆಯುತ್ತಿದ್ದವು. ನಾಡಿಯನ್ನೇ ನಿಲ್ಲಿಸುವರೆಂಬ ಖ್ಯಾತಿ ಆಚಾರ್ಯರಿಗಿತ್ತು; ಫ್ರಾನ್ಸಿನ ಹೃದಯತಜ್ಞೆ ತೆರೇಸ್ ಬ್ರೋಸ್ 1935ರಲ್ಲಿ ಭಾರತಕ್ಕೆ ಬಂದು ಉಪಕರಣಗಳಿಂದ ಪರೀಕ್ಷಿಸಿದ ಯೋಗಿಗಳಲ್ಲಿ ಅವರೂ ಒಬ್ಬರು. ಉಸಿರನ್ನು ಬಿಗಿಹಿಡಿದು ಎದೆಯ ಸ್ನಾಯುಗಳನ್ನು ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ನಾಡಿ ಕೈಗೆ ಸಿಕ್ಕದಂತಾಗುವುದೇ ಹೊರತು ಹೃದಯವೇನೂ ನಿಲ್ಲುವುದಿಲ್ಲವೆಂದು ಮುಂದಿನ ಪ್ರಯೋಗಗಳು ತೋರಿಸಿದವು. ಯೋಗದ ನಿಜವಾದ ಉಪಕಾರಕ್ಕೂ ಇಂಥ ಚಮತ್ಕಾರಕ್ಕೂ ಸಂಬಂಧ ತೀರ ಕಡಿಮೆ.

ಆ ಉಪಕಾರವನ್ನು ಕಾಣಬೇಕಾದರೆ, 1934ರಲ್ಲಿ ಅಕ್ಕ ಭಾವಂದಿರ ಮನೆಗೆಂದು ಮೈಸೂರಿಗೆ ಬಂದ ಒಬ್ಬ ಕೃಶಕಾಯದ ಬಾಲಕನನ್ನು ನೋಡಬೇಕು. ಕೋಲಾರದ ಸೀಮೆಯ ಬೆಳ್ಳೂರಿನಲ್ಲಿ, ಇನ್‌ಫ್ಲುಯೆಂಜ ಮಾರಿ ಊರೂರನ್ನು ಬಡಿಯುತ್ತಿದ್ದ 1918ರಲ್ಲಿ ಹುಟ್ಟಿ, ಮಲೇರಿಯ, ವಿಷಮಶೀತಜ್ವರ, ಕ್ಷಯ ಇವುಗಳಿಗೆಲ್ಲ ಬಾಲ್ಯದಲ್ಲಿಯೇ ತುತ್ತಾಗಿದ್ದ ಬಿ.ಕೆ.ಎಸ್. ಅಯ್ಯಂಗಾರ್ ಅವರಿಗೆ ಕೃಷ್ಣಮಾಚಾರ್ಯರು ಭಾವನಾಗಬೇಕು. ಭಾವನ ಶಿಕ್ಷಣವು ಕಠೋರವಾಗಿತ್ತು. ದೇಹ ಮಾತ್ರ ನಿಧಾನವಾಗಿ ಚೇತರಿಸಿಕೊಂಡಿತು. 1937ರಲ್ಲಿ ಪುಣೆಗೆ ಹೋದ ಅವರು, ಬಾಗದ ಬೆನ್ನು, ಮಡಿಯದ ಮಂಡಿಯುಳ್ಳವರಿಗೂ ಆಸನ ಸಾಧ್ಯವಾಗಲೆಂದು ಹಗ್ಗ, ಪಟ್ಟಿ, ಕಂಬಳಿ, ಮರದ ದಿಮ್ಮಿಗಳ ಆಸರೆಯನ್ನು ಕಲ್ಪಿಸಿದರು. ತಾನು ರೋಗಿಯಾಗಿದ್ದವನಿಗಲ್ಲದೆ ಬೇರೆ ಯಾರಿಗೆ ಇದು ಹೊಳೆದೀತು? ಅದೇ ಆಚಾರ್ಯರ ಮತ್ತೊಬ್ಬ ಶಿಷ್ಯರಾದ, ಹಾಸನದ ಕಡೆಯ ಪಟ್ಟಾಭಿ ಜೋಯಿಸರು ಮೈಸೂರಿನಲ್ಲಿಯೇ ನಿಂತು ವಿನ್ಯಾಸಕ್ರಮವನ್ನು ಬಿಡದೆ ಬೋಧಿಸಿದರು.

ಲಾಭದ ಮಾತನ್ನು ಅಳತೆಯಿಲ್ಲದೆ ಹಿಗ್ಗಿಸುವುದು ನಮ್ಮ ಕಾಲದ ಜಾಡ್ಯ. ಪರೀಕ್ಷೆಗೆ ನಿಂತಿರುವುದು ಅಷ್ಟಿಲ್ಲದಿದ್ದರೂ ಕಡಿಮೆಯೇನಲ್ಲ. ಬೆಂಗಳೂರಿನ ಆರ್. ನಾಗರತ್ನ ಮತ್ತು ಎಚ್.ಆರ್. ನಾಗೇಂದ್ರ ಅವರು 53 ಮಂದಿ ಉಬ್ಬಸದ ರೋಗಿಗಳಿಗೆ ಎರಡು ವಾರ ಯೋಗವನ್ನು ಕಲಿಸಿ, ದಿನವೂ ಅಭ್ಯಾಸ ಮಾಡಹೇಳಿ, ಔಷಧವನ್ನಷ್ಟೇ ಸೇವಿಸುತ್ತಿದ್ದ ಅಷ್ಟೇ ಸಂಖ್ಯೆಯ ಇತರರೊಡನೆ ಹೋಲಿಸಿದಾಗ, ಯೋಗ ಮಾಡಿದವರಲ್ಲಿ ಉಬ್ಬಸ ಮರುಕಳಿಸುವುದೂ ಔಷಧದ ಅವಶ್ಯಕತೆಯೂ ಹೆಚ್ಚಾಗಿ ತಗ್ಗಿದುದು ಕಂಡುಬಂದಿತು. ಆ ವರದಿ 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಹಳೆಯ ಬೆನ್ನುನೋವು, ಏರಿದ ರಕ್ತದೊತ್ತಡ, ಖಿನ್ನತೆ ಇವುಗಳಲ್ಲಿಯೂ ಮಿತವಾದ ಪ್ರಯೋಜನ ಕಂಡಿದೆ. ನಿಧಾನವಾದ, ದೀರ್ಘವಾದ ಉಸಿರು ಹೃದಯದ ಬಡಿತವನ್ನು ತಗ್ಗಿಸಿ ನರಮಂಡಲದ ಉದ್ವೇಗವನ್ನು ಶಮನಗೊಳಿಸುತ್ತದೆಂಬುದು ಈಗ ವೈದ್ಯರೂ ಒಪ್ಪುವ ಮಾತು. ಆದರೂ ಯೋಗವನ್ನು ಔಷಧದ ಜೊತೆಗೆ ಇರಿಸಿಕೊಳ್ಳಬೇಕಲ್ಲದೆ ಔಷಧವನ್ನು ಬಿಟ್ಟುಬಿಡುವುದಕ್ಕೆ ಅದನ್ನು ನೆಪ ಮಾಡಿಕೊಳ್ಳಬಾರದು.

ಸಂಸ್ಥಾನವು ಒಕ್ಕೂಟದಲ್ಲಿ ಸೇರಿಹೋದ ಮೇಲೆ ಅರಮನೆಯ ಆಶ್ರಯ ತಪ್ಪಿ, 1950ರಲ್ಲಿ ಯೋಗಶಾಲೆಯು ಮುಚ್ಚಿತು. ಕೃಷ್ಣಮಾಚಾರ್ಯರು ಕೆಲಕಾಲದಲ್ಲಿಯೇ ಮದರಾಸಿಗೆ ಹೋಗಿ ನೆಲೆಸಿದರು. ಅಲ್ಲಿ ಅವರು ಬಾಲಕರ ಗುಂಪಿಗೆ ಆಸನ ಹಾಕಿಸಲಿಲ್ಲ. ಬಂದವನ ವಯಸ್ಸು, ಬಲ, ವ್ಯಾಧಿಗಳನ್ನು ವಿಚಾರಿಸಿ, ಒಬ್ಬೊಬ್ಬನಿಗೆ ಒಂದೊಂದು ಬಗೆಯ ಅಭ್ಯಾಸವನ್ನು ವಿಧಿಸುತ್ತ, ನೂರು ವರ್ಷ ತುಂಬಿದ ಮೇಲೆ 1989ರಲ್ಲಿ ತೀರಿಕೊಂಡರು.