ಡೋಪಮೈನ್ ಬಿಡುಗಡೆ ಮತ್ತು ಪೊಟ್ಯಾಸಿಯಂ ಚಾನೆಲ್‌ಗಳು

ಪೊಟ್ಯಾಸಿಯಂ ಚಾನೆಲ್‌ಗಳು ನರಕೋಶದ ಪೊರೆಯಲ್ಲಿರುವ ಪ್ರೋಟೀನ್ ದ್ವಾರಗಳು. ಇವು ತೆರೆದಾಗ ಪೊಟ್ಯಾಸಿಯಂ ಅಯಾನುಗಳು ಹೊರಗೆ ಹರಿಯುತ್ತವೆ, ಕೋಶದ ಒಳಭಾಗ ಇನ್ನಷ್ಟು ಋಣಾತ್ಮಕವಾಗುತ್ತದೆ, ಕೋಶ ಮಿಡಿಯುವುದು, ಅಂದರೆ ವಿದ್ಯುತ್ ಸಂಕೇತ ಹೊರಡಿಸುವುದು, ಕಷ್ಟವಾಗುತ್ತದೆ. ಮಿಡಿತ ನರತಂತುವಿನ ತುದಿ ತಲುಪಿ ಅಲ್ಲಿಗೆ ಕ್ಯಾಲ್ಸಿಯಂ ನುಗ್ಗಿದಾಗಲೇ ಡೋಪಮೈನ್ ಹೊರಬೀಳುವುದರಿಂದ, ಈ ಚಾನೆಲ್‌ಗಳು ಅದರ ಬಿಡುಗಡೆಗೆ ಕಡಿವಾಣವಾಗಿವೆ.

ಈ ತಿಳಿವಳಿಕೆಯ ಎರಡು ಎಳೆಗಳು ಬಹುಕಾಲ ಬೇರೆಬೇರೆಯಾಗಿ ಬೆಳೆದವು. 1952ರಲ್ಲಿ ಅಲನ್ ಹಾಜ್ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ, ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್‌ನ ದಪ್ಪ ನರತಂತುವನ್ನು ಪರೀಕ್ಷಿಸಿ, ಸೋಡಿಯಂ ಒಳಬಂದು ಎಬ್ಬಿಸಿದ ಮಿಡಿತವನ್ನು ಪೊಟ್ಯಾಸಿಯಂ ಹೊರಹೋಗಿ ಇಳಿಸುವುದನ್ನು ಅಳೆದು ತೋರಿಸಿದರು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್, ಸರ್ಪಗಂಧದಿಂದ ತೆಗೆದ ರೆಸರ್ಪಿನ್‌ನಿಂದ ಮಂಕಾಗಿದ್ದ ಪ್ರಾಣಿಗಳು, ದೇಹದಲ್ಲಿ ಡೋಪಮೈನ್ ಆಗಿ ಬದಲಾಗುವ ಎಲ್-ಡೋಪಾ ಕೊಟ್ಟಾಗ ಚೇತರಿಸಿಕೊಂಡದ್ದನ್ನು ವರದಿಮಾಡಿದರು. ಡೋಪಮೈನ್ ತಾನೇ ಒಂದು ನರವಾಹಕ ಎಂಬ ವಾದಕ್ಕೆ ಬಲ ಬಂದದ್ದು ಅಲ್ಲಿಂದ.

ಎಳೆಗಳು ಕೂಡಿದ್ದು 1987ರಲ್ಲಿ. ಲೇಸಿ, ಮರ್ಕ್ಯೂರಿ ಮತ್ತು ನಾರ್ತ್ ಇಲಿಯ ಮಿದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾ ಭಾಗದಲ್ಲಿ ಡೋಪಮೈನ್ ಸುರಿಸುವ ಕೋಶಗಳ ಮೇಲೆ ಡೋಪಮೈನ್ ಹಾಯಿಸಿದರು. ಅದು ಡಿ2 ಎಂಬ ಡೋಪಮೈನ್ ಗ್ರಾಹಿಗಳ ಮೂಲಕ ಪೊಟ್ಯಾಸಿಯಂ ದಾರಿ ತೆರೆದು ಕೋಶಗಳನ್ನು ಸುಮ್ಮನಾಗಿಸಿತು. ಅಂದರೆ ಡೋಪಮೈನ್ ತನ್ನನ್ನು ಸುರಿಸುವ ಕೋಶಕ್ಕೇ ಲಗಾಮು ಹಾಕುತ್ತದೆ. ಇಲ್ಲಿ ದುಡಿಯುವುದು ಗರ್ಕ್ ಎಂಬ ಚಾನೆಲ್ ಕುಟುಂಬ. ಓಲಾಡುತ್ತ ನಡೆಯುವ 'ವೀವರ್' ಸುಂಡಿಲಿಯ ದೋಷವೂ ಗರ್ಕ್2 ಜೀನಿನಲ್ಲಿದೆ ಎಂದು 1995ರಲ್ಲಿ ತಿಳಿಯಿತು. ಅದರ ಚಾನೆಲ್ ಸೋಡಿಯಂ ಅನ್ನೂ ಒಳಬಿಡುತ್ತದೆ. ಡೋಪಮೈನ್ ಕೋಶಗಳು ಸಾಯುತ್ತವೆ.

ಡೋಪಮೈನ್ ಕೋಶಗಳ ಮಿಡಿತದ ಲಯವನ್ನು ಕಾಯುವುದು ಎಸ್‌ಕೆ ಎಂಬ ಇನ್ನೊಂದು ಬಗೆಯ ಪೊಟ್ಯಾಸಿಯಂ ಚಾನೆಲ್‌ಗಳು. ಜೇನುನೊಣದ ವಿಷದಲ್ಲಿರುವ ಅಪಮಿನ್ ಅವನ್ನು ಮುಚ್ಚಿದರೆ ಲಯ ಕೆಡುತ್ತದೆ, ಮಿಡಿತಗಳು ಗೊಂಚಲಾಗಿ ಬರತೊಡಗುತ್ತವೆ.

ಕೋಶಕಾಯದಲ್ಲಿ ಕಂಡದ್ದೇ ನರತಂತುವಿನ ತುದಿಯಲ್ಲೂ ನಡೆಯುತ್ತದೆಂದುಕೊಂಡರೆ ತಪ್ಪಾದೀತು. ಈ ಕೋಶಗಳ ತಂತುಗಳು ತಲುಪುವ ಮಿದುಳಿನ ಭಾಗವಾದ ಸ್ಟ್ರಯೇಟಮ್‌ನಲ್ಲಿರುವ ತುದಿಗಳಲ್ಲಿ ಡಿ2 ಗ್ರಾಹಿಗಳು ಬಹುಮಟ್ಟಿಗೆ ಕೆವಿ1.2 ಎಂಬ ಬೇರೆಯೇ ಚಾನೆಲ್ಲನ್ನು ನೆಚ್ಚಿವೆ ಎಂದು 2011ರ ಪ್ರಯೋಗಗಳು ತೋರಿಸಿದವು.

ಮತ್ತೊಂದು ಬಗೆಯ ಪೊಟ್ಯಾಸಿಯಂ ಚಾನೆಲ್‌ಗಳಾದ, ಕೋಶದ ಶಕ್ತಿಸ್ಥಿತಿಗೆ ಸ್ಪಂದಿಸುವ ಕೆ-ಎಟಿಪಿ ಚಾನೆಲ್‌ಗಳನ್ನು ಅಕಿನೋರಿ ನೋಮಾ 1983ರಲ್ಲಿ ಕಂಡದ್ದು ಹೃದಯದ ಸ್ನಾಯುವಿನಲ್ಲಿ. ಸ್ಟ್ರಯೇಟಮ್‌ನಲ್ಲಿ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಇವನ್ನು ತೆರೆದು ಡೋಪಮೈನ್ ಬಿಡುಗಡೆಯನ್ನು ತಗ್ಗಿಸುತ್ತದೆಂದು ಅವ್‌ಶಲುಮೋವ್ ಮತ್ತು ರೈಸ್ 2003ರಲ್ಲಿ ತಿಳಿಸಿದರು. 2005ರಲ್ಲಿ ಬಿರ್ಗಿಟ್ ಲಿಸ್ ಮತ್ತು ಸಂಗಡಿಗರು ಈ ಚಾನೆಲ್ಲಿನ ಒಂದು ಘಟಕವನ್ನು ಅಳಿಸಿದ ಸುಂಡಿಲಿಗಳಲ್ಲಿ, ವೀವರ್ ದೋಷವಿದ್ದರೂ ಸಬ್‌ಸ್ಟಾನ್ಷಿಯಾ ನೈಗ್ರಾದ ಡೋಪಮೈನ್ ಕೋಶಗಳು ಹೆಚ್ಚಾಗಿ ಉಳಿದುಕೊಳ್ಳುವುದನ್ನು ಕಂಡರು.