ಕಾಲ್ಚೆಂಡಿನ ಮೇಷ್ಟ್ರು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಕಣ ಬರಿದಾದ ಮೇಲೆ, ಈ ವರ್ಷ ಕುರುಕ್ಷೇತ್ರ ನಾಟಕವನ್ನಾಡಬೇಕೆಂದು ಊರಿನ ಹಿರಿಯರು ನಿಶ್ಚಯಿಸಿದರೆಂದರೆ, ಭೀಮನ ಪಾತ್ರಕ್ಕೆ ತಕ್ಕ ಮೈಕಟ್ಟಿನವನನ್ನೂ ದುರ್ಯೋಧನನ ಪಾತ್ರಕ್ಕೆ ತಕ್ಕ ಕಂಠದವನನ್ನೂ ಅರಸುವುದಕ್ಕೆ ಮೊದಲು ಅವರು ಗೊತ್ತುಮಾಡಿಕೊಳ್ಳುತ್ತಿದ್ದುದು ನಾಟಕದ ಮೇಷ್ಟ್ರನ್ನು. ಹಾರ್ಮೋನಿಯಂ ಮುಂದಿಟ್ಟುಕೊಂಡು ಪದ್ಯಗಳ ಮಟ್ಟನ್ನು ಹೇಳಿಕೊಟ್ಟು, ಅಕ್ಷರ ಬಾರದವನಿಗೂ ಮಾತನ್ನೆಲ್ಲ ಬಾಯಿಪಾಠ ಮಾಡಿಸಿ, ಹಗಲೆಲ್ಲ ದುಡಿದು ಬಂದವರನ್ನು ತಿಂಗಳುಗಟ್ಟಲೆ ರಾತ್ರಿಯ ತಾಲೀಮಿಗೆ ಕೂರಿಸಬಲ್ಲವನು ಅವನೊಬ್ಬನೆ. ಆದರೆ ಪ್ರದರ್ಶನದ ರಾತ್ರಿ ಪರದೆ ಸರಿದ ಮೇಲೆ ಅವನ ಅಧಿಕಾರವು ಶ್ರುತಿ ಹಿಡಿಯುವಷ್ಟಕ್ಕೆ ಮುಗಿಯುತ್ತದೆ. ರಂಗದಲ್ಲಿ ಯಾರು ತಡವರಿಸಿದರು, ಯಾವ ಪದ್ಯವನ್ನು ಮೊಟಕುಗೊಳಿಸಬೇಕು, ಯಾವ ಮಾತನ್ನೆತ್ತಿ ಕಥೆಯನ್ನು ದಾರಿಗೆ ತರಬೇಕು ಎಂಬುದನ್ನು ಆ ಕ್ಷಣದಲ್ಲಿ ಅರಿತು ನಡೆಸಬೇಕಾದವನು ಮುಖ್ಯ ಪಾತ್ರಧಾರಿ. ಒಳಗಿನಿಂದ ಕಲಿಸುವವನೊಬ್ಬ, ಬೆಳಕಿನಲ್ಲಿ ನಿಂತು ನಿರ್ಣಯಿಸುವವನೊಬ್ಬ. ಇವರಿಬ್ಬರೂ ಹಲವು ವರ್ಷ ಒಡನಾಡಿದ ಊರಿನ ನಾಟಕ ಸುತ್ತಣ ಹತ್ತೂರುಗಳಲ್ಲಿ ಹೆಸರು ಪಡೆಯುತ್ತಿತ್ತು.

ನಮ್ಮ ನಾಡಿನ ಕಾಲ್ಚೆಂಡಾಟದ ಇತಿಹಾಸವನ್ನು ಅವಲೋಕಿಸಿದಾಗಲೂ, ಒಂದು ವರ್ಷ ಗೆದ್ದು ಮರೆಯಾದ ತಂಡಗಳಿಗೂ ದೀರ್ಘಕಾಲ ನಿಂತ ತಂಡಗಳಿಗೂ ಇರುವ ಅಂತರವು ಇದೇ ಸಂಬಂಧದಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ.

ಈ ಆಟವು ಮೈಸೂರು ಸಂಸ್ಥಾನಕ್ಕೆ ಬಂದುದು ಬೆಂಗಳೂರಿನ ದಂಡಿನ ಮೂಲಕ. ಗೋರಾ ಸಿಪಾಯಿಗಳು ಆಡುತ್ತಿದ್ದುದನ್ನು ಮೈದಾನದ ಅಂಚಿನಲ್ಲಿ ನಿಂತು ನೋಡಿದ ದಂಡಿನ ಪ್ರದೇಶದ ಬಡ ಹುಡುಗರು ಬರಿಗಾಲಿನಲ್ಲೇ ಅದನ್ನು ಕಲಿತರು. ಕಲಿತವರು ಕೇರಿಕೇರಿಗಳಲ್ಲಿ ಸಂಘಗಳನ್ನು ಕಟ್ಟಿಕೊಂಡರು. ಅಂಥ ಸಂಘಗಳಲ್ಲೊಂದಾದ ಬೆಂಗಳೂರು ಮುಸ್ಲಿಮ್ಸ್ 1937ರಲ್ಲಿ ಮುಂಬಯಿಗೆ ಹೋಗಿ, ಅದುವರೆಗೆ ಬ್ರಿಟಿಷ್ ಪಲ್ಟನ್ನುಗಳ ಸ್ವತ್ತೇ ಆಗಿದ್ದ ರೋವರ್ಸ್ ಕಪ್ಪನ್ನು ಗೆದ್ದ ಪ್ರಥಮ ಭಾರತೀಯ ತಂಡವೆನಿಸಿತು. ಮರುವರ್ಷವೂ ಅದನ್ನು ಉಳಿಸಿಕೊಂಡಿತು. ಮೈಸೂರು ಸಂಸ್ಥಾನದ ತಂಡವು 1946-47ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದು, 1952-53ರಲ್ಲಿ ಮತ್ತೊಮ್ಮೆ ಆ ಸಾಧನೆಯನ್ನು ಮೆರೆದುದು ಈ ಕೇರಿಯ ಸಂಘಗಳು ಹಾಕಿಕೊಟ್ಟ ತಳಹದಿಯ ಮೇಲೆಯೆ.

ಆ ಕೇರಿಗಳಿಂದ ಮೇಲೆದ್ದವರಲ್ಲಿ ಅಹ್ಮದ್ ಖಾನ್ ವಿಶೇಷವಾದ ಸ್ಮರಣೆಗೆ ಅರ್ಹನು. 1926ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಈತ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿದ ಭಾರತ ತಂಡದಲ್ಲಿದ್ದನು. ಫ್ರಾನ್ಸಿನ ಎದುರು ನಡೆದ ಆ ಪಂದ್ಯದಲ್ಲಿ ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿದರು; ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾಗಿ 2-1ರಿಂದ ಸೋತರು; ಭಾರತದ ಆ ಒಂದು ಗೋಲನ್ನು ಹೊಡೆದವನೂ ಬೆಂಗಳೂರಿನ ಸಾರಂಗಪಾಣಿ ರಾಮನ್. ಮರುವರ್ಷ ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿದನು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಎಂಬ ನಾಲ್ವರೊಡನೆ ಕೂಡಿ ಅವನು ರಚಿಸಿದ ಮುಂಚೂಣಿಗೆ ವಂಗದೇಶದ ಜನರು 'ಪಂಚಪಾಂಡವರು' ಎಂದು ಹೆಸರಿಟ್ಟರು. 1949ರಿಂದ 1951ರವರೆಗೆ ಒಂದೇ ಸಮನೆ ಮೂರು ಸಲ ಐ.ಎಫ್.ಎ. ಶೀಲ್ಡ್ ಆ ಸಂಘಕ್ಕೆ ಒಲಿಯಿತು. ಐವರೂ ದಕ್ಷಿಣದವರೆಂಬುದು ನಮಗೆ ಅಭಿಮಾನದ ವಿಷಯವಾದರೂ, ಅದಕ್ಕಿಂತ ಗಮನಿಸಬೇಕಾದುದು ಆ ಐವರೂ ಹಲವು ಋತುಗಳ ಕಾಲ ಒಟ್ಟಿಗೆ ಉಳಿದರೆಂಬುದು. ಚೆಂಡು ಕಾಲಿಗೆ ಬರುವ ಮುನ್ನವೇ ಅದನ್ನು ಎತ್ತ ಕಳುಹಬೇಕೆಂದು ತಿಳಿದಿರುವವನ ಜಾಣ್ಮೆ, ಅವನು ಕಳುಹಿದೆಡೆಗೆ ಓಡಿ ಬರುವವನಿಲ್ಲದಿದ್ದರೆ ಯಾವ ಫಲವನ್ನೂ ಕೊಡಲಾರದಷ್ಟೆ.

ಇನ್ನು ಮೇಷ್ಟ್ರ ಸಂಗತಿ. ಭಾರತದ ಕಾಲ್ಚೆಂಡಿನಲ್ಲಿ ಆ ಸ್ಥಾನಕ್ಕೆ ನಿಜವಾಗಿ ಒಪ್ಪುವವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಸಾಹೇಬರು. ಅವರು ವೃತ್ತಿಯಿಂದಲೂ ಶಾಲಾ ಉಪಾಧ್ಯಾಯರೇ ಆಗಿದ್ದರೆಂಬುದು ಅವರ ವಿಧಾನವನ್ನು ಅರಿಯಲು ಮುಖ್ಯವಾದ ಸುಳುಹು. ಅವರು ತರಬೇತು ಮಾಡಿದ ಹೈದರಾಬಾದ್ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತವಾಗಿ ಐದು ಸಲ ರೋವರ್ಸ್ ಕಪ್ಪನ್ನು ಗೆದ್ದಿತು. ಬಲಗಾಲಿನ ಆಟಗಾರನು ಎಡಗಾಲಿನಿಂದಲೇ ಆಡಬೇಕೆಂಬ ಕಟ್ಟುಪಾಡಿನ ಪಂದ್ಯಗಳನ್ನೂ, ಚೆಂಡನ್ನು ತಾನೇ ಹೊತ್ತೊಯ್ಯದೆ ಒಡನೆ ಸಂಗಡಿಗನಿಗೆ ದಾಟಿಸಲೇಬೇಕೆಂಬ ಪಂದ್ಯಗಳನ್ನೂ ಏರ್ಪಡಿಸಿ, ದೌರ್ಬಲ್ಯವನ್ನು ಬಯ್ದು ತಿದ್ದುವುದಕ್ಕೆ ಬದಲಾಗಿ ಅಭ್ಯಾಸದಿಂದ ಕರಗಿಸುವ ಉಪಾಯವನ್ನು ಅವರು ಕಂಡುಕೊಂಡರು. ಅವರ ಶಿಕ್ಷಣದಲ್ಲಿ ಭಾರತ 1951ರ ಪ್ರಥಮ ಏಷ್ಯನ್ ಕ್ರೀಡೆಗಳಲ್ಲಿ ಸ್ವರ್ಣವನ್ನು ಪಡೆಯಿತು. ಆ ತಂಡದಲ್ಲಿ ನಮ್ಮ ಅಹ್ಮದ್ ಖಾನನೂ ಇದ್ದನು. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯದೆದುರು 10-1ರ ದಾರುಣ ಪರಾಜಯ ಒದಗಿತು. ಆ ಏಕಮಾತ್ರ ಗೋಲು ಅಹ್ಮದ್ ಖಾನನದು.

ಅಷ್ಟು ದೊಡ್ಡ ಸೋಲಿನ ತರುವಾಯ ತರಬೇತುದಾರನನ್ನು ತೊಲಗಿಸುವುದು ಇಂದಿನ ಕಾಲದ ರೂಢಿ. ಅಂದು ಹಾಗಾಗಲಿಲ್ಲ. ಬರಿಗಾಲಿನ ಆಟ ನಿಂತು ಬೂಟು ಕಡ್ಡಾಯವಾಯಿತು, ರಹೀಮ್ ಸಾಹೇಬರು ಉಳಿದರು. ಅದರ ಫಲವಾಗಿ 1956ರಲ್ಲಿ ಮೆಲ್ಬೋರ್ನಿನಲ್ಲಿ ಭಾರತ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಒಲಿಂಪಿಕ್ಸಿನ ನಾಲ್ಕನೆಯ ಸ್ಥಾನಕ್ಕೇರಿತು. ಆ ತಂಡದ ಮಧ್ಯರಂಗದಲ್ಲಿ ನಮ್ಮ ನಾಡಿನ ಕೆಂಪಯ್ಯನವರಿದ್ದರು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ದಕ್ಷಿಣ ಕೊರಿಯವನ್ನು 2-1ರಿಂದ ಮಣಿಸಿ ಎರಡನೆಯ ಸ್ವರ್ಣವನ್ನು ತಂದಾಗ ರಹೀಮರ ದೇಹವನ್ನು ಅರ್ಬುದ ರೋಗ ಕ್ಷಯಿಸುತ್ತಿತ್ತು. 1963ರ ಜೂನಿನಲ್ಲಿ ಅವರು ತೀರಿಕೊಂಡರು. ಒಬ್ಬ ಉಪಾಧ್ಯಾಯನಿಗೆ ತನ್ನ ತಪ್ಪುಗಳಿಂದ ಕಲಿಯಲು ದೊರೆತ ಆ ಹನ್ನೊಂದು ವರ್ಷಗಳಷ್ಟು ಅವಕಾಶ ಅವರ ಬಳಿಕ ರಾಷ್ಟ್ರೀಯ ತಂಡದಲ್ಲಿ ಮತ್ತಾರಿಗೂ ಅಷ್ಟು ಫಲಪ್ರದವಾಗಲಿಲ್ಲವೆಂಬುದು ನನ್ನ ಭಾವನೆ.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವು ಬೇರೆಯೇ ಬಗೆಯದು. ಅಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದೊಯ್ಯುತ್ತಾರೆ, ಕೈಯಿಂದ ಎಸೆಯುತ್ತಾರೆ. ಆದರೆ ನಾನು ಹೇಳುತ್ತಿರುವ ಸಂಬಂಧವು ಆ ಆಟದಲ್ಲಿ ಅತ್ಯಂತ ಸ್ಫುಟವಾಗಿದೆ. ಕ್ವಾರ್ಟರ್‌ಬ್ಯಾಕ್ ಎಂಬ ಒಬ್ಬ ಆಟಗಾರನ ಕೈಗೇ ಬಹುತೇಕ ಪ್ರತಿಸಲವೂ ಚೆಂಡು ಮೊದಲು ಬರುತ್ತದೆ. ಎದುರಾಳಿಗಳು ಮೈಮೇಲೆ ಬೀಳುವುದರೊಳಗಾಗಿ, ಎರಡು ಮೂರು ಸೆಕೆಂಡುಗಳಲ್ಲಿ, ಅದನ್ನು ಯಾರಿಗೆ ಎಸೆಯಬೇಕೆಂದು ಅವನು ನಿರ್ಧರಿಸಬೇಕು. ಗ್ರೀನ್ ಬೇ ತಂಡಕ್ಕೆ 1959ರಲ್ಲಿ ತರಬೇತುದಾರನಾಗಿ ಬಂದ ವಿನ್ಸ್ ಲೊಂಬಾರ್ಡಿ, ಬಾರ್ಟ್ ಸ್ಟಾರ್ ಎಂಬ ಕ್ವಾರ್ಟರ್‌ಬ್ಯಾಕನೊಡನೆ 1967ರ ಋತುವಿನವರೆಗೆ ಐದು ಚಾಂಪಿಯನ್ ಪಟ್ಟಗಳನ್ನು ಪಡೆದನು. ನಮ್ಮ ಕಾಲದಲ್ಲಿ ತರಬೇತುದಾರ ಬಿಲ್ ಬೆಲಿಚಿಕ್ ಮತ್ತು ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ 2000ದಿಂದ 2019ರವರೆಗಿನ ಇಪ್ಪತ್ತು ಋತುಗಳಲ್ಲಿ, ಪಟ್ಟವನ್ನು ನಿರ್ಣಯಿಸುವ ಅಂತಿಮ ಪಂದ್ಯಗಳಾದ ಆರು ಸೂಪರ್ ಬೌಲ್‌ಗಳನ್ನು ಗೆದ್ದರು. ಹೊಸ ಆಟಗಾರರನ್ನು ತಂಡಗಳು ಸರದಿಯ ಮೇಲೆ ಆಯ್ದುಕೊಳ್ಳುವ ಪದ್ಧತಿಯಲ್ಲಿ ಸ್ಟಾರ್ 200ನೆಯವನಾಗಿಯೂ ಬ್ರೇಡಿ 199ನೆಯವನಾಗಿಯೂ ಆಯ್ಕೆಯಾದವರು. ಅವರ ಓಟವನ್ನೂ ತೋಳಿನ ಬಲವನ್ನೂ ಅಳೆದು ನೋಡಿದವರಿಗೆ ಅವರಲ್ಲಿ ಹೆಚ್ಚಿನದೇನೂ ಕಾಣಲಿಲ್ಲ. ಮನಸ್ಸಿನ ತ್ವರಿತ ನಿರ್ಣಯಶಕ್ತಿ ಒಂದು ದಿನದ ಪರೀಕ್ಷೆಗೆ ಸಿಕ್ಕುವ ವಸ್ತುವಲ್ಲ. ದಿನವೂ ಜತೆಯಲ್ಲಿ ಕುಳಿತು ಎದುರಾಳಿಯ ಆಟವನ್ನು ಬಿಡಿಸಿ ನೋಡುವ ಗುರುವಿಗೆ ಮಾತ್ರ ಅದು ಕ್ರಮೇಣ ಗೋಚರಿಸುತ್ತದೆ.

ಇನ್ನು ನಮ್ಮ ಸೀಮೆಯತ್ತ ತಿರುಗಿದರೆ, ಬೆಂಗಳೂರಿಗೆ ಇಷ್ಟು ಸಮೀಪದಲ್ಲಿದ್ದ ಆ ನಾಲ್ಕು ಊರುಗಳಿಂದ ಒಬ್ಬ ಅಹ್ಮದ್ ಖಾನ್ ಏಕೆ ಬರಲಿಲ್ಲ? ಊರುಗಳ ನಡುವೆ ಹಾದಿಯೇನೋ ಇದ್ದಿತು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಪೋಣಿಸಿಕೊಂಡು ಕೋಲಾರದತ್ತ ಸಾಗುತ್ತಿದ್ದ ಸಣ್ಣ ರೈಲು ಒಂದೆಡೆ, ಗೌರಿಬಿದನೂರಿನ ಮೇಲೆ ಗುಂತಕಲ್ಲಿಗೆ ಹೋಗುವ ರೈಲು ಇನ್ನೊಂದೆಡೆ. ಇಲ್ಲದಿದ್ದುದು ಬಿಡುವು. ರೇಷ್ಮೆಹುಳು ಸಾಕುವ ಮನೆಯ ಹುಡುಗನಿಗೆ ಸಂಜೆಯೆಂಬುದು ತನ್ನದಲ್ಲ. ನಾಲ್ಕನೆಯ ಜ್ವರ ಕಳೆದೆದ್ದ ಹುಳುವಿಗೆ ಹಗಲಿರುಳೆನ್ನದೆ ಹಿಪ್ಪುನೇರಳೆ ಸೊಪ್ಪನ್ನು ಹಾಕುತ್ತಿರಬೇಕು, ಹಣ್ಣಾದ ಹುಳುವನ್ನು ಆಯ್ದು ಚಂದ್ರಂಕಿಗೆ ಬಿಡುವ ದಿನ ಮನೆಮಂದಿಯೆಲ್ಲ ಕೂಡಬೇಕು, ಗೂಡು ಬಿಡಿಸಿದರೆ ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯಬೇಕು. ಇಂಥ ಜೀವನಕ್ರಮದಲ್ಲಿ ಸ್ವಲ್ಪ ಜಾಗ, ಸ್ವಲ್ಪ ಹೊತ್ತು ಸಾಲುವ ಕಬಡ್ಡಿ, ವಾಲಿಬಾಲ್‌ಗಳು ನೆಲೆಗೊಂಡವಲ್ಲದೆ, ವಿಶಾಲವಾದ ಬಯಲನ್ನೂ ಇಪ್ಪತ್ತೆರಡು ಮಂದಿಯ ಒಂದೇ ಹೊತ್ತಿನ ವಿರಾಮವನ್ನೂ ಬೇಡುವ ಆಟಕ್ಕೆ ಆಸ್ಪದವಾಗಲಿಲ್ಲ.

ಆ ವಿರಾಮವನ್ನು ಬೆಂಗಳೂರಿಗೆ ಒದಗಿಸಿದುದು ಕಾರ್ಖಾನೆ. ಚಿಕ್ಕಬಳ್ಳಾಪುರದ ಮಗ್ಗುಲಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿ 1912ರಿಂದ 1918ರವರೆಗೆ ಸಂಸ್ಥಾನದ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಕೈಗಾರಿಕೆಯಿಲ್ಲದೆ ನಾಡಿಗೆ ಉಳಿವಿಲ್ಲವೆಂದು ಸಾರುತ್ತಿದ್ದಾಗ ಅವರ ಮನಸ್ಸಿನಲ್ಲಿ ಕಾಲ್ಚೆಂಡು ಇದ್ದಿರಲಾರದು. ಆದರೂ 1940ರಲ್ಲಿ ವಿಮಾನ ಕಾರ್ಖಾನೆಯೂ 1948ರಲ್ಲಿ ಟೆಲಿಫೋನ್ ಕಾರ್ಖಾನೆಯೂ ಸ್ಥಾಪಿತವಾದ ಮೇಲೆ, ಆಟಗಾರನಿಗೆ ತಿಂಗಳ ಸಂಬಳವೂ ನಿಯತವಾದ ಅಭ್ಯಾಸಕ್ಕೆ ಮೈದಾನವೂ ವರ್ಷಾನುವರ್ಷ ಅದೇ ಜತೆಗಾರರೂ ದೊರೆಯುವಂತಾಯಿತು. ಮೈಸೂರು ತಂಡ 1967-68 ಮತ್ತು 1968-69ರಲ್ಲಿ ಬೆನ್ನುಬೆನ್ನಿಗೆ ಸಂತೋಷ್ ಟ್ರೋಫಿಯನ್ನು ಗೆದ್ದುದು, 1977ರಲ್ಲಿ ಆ ಟೆಲಿಫೋನ್ ಕಾರ್ಖಾನೆಯ ಐ.ಟಿ.ಐ. ತಂಡವು ಮೋಹನ್ ಬಾಗಾನಿನಂಥ ಮಹಾತಂಡವನ್ನು ಸೋಲಿಸಿ ಪ್ರಪ್ರಥಮ ಫೆಡರೇಷನ್ ಕಪ್ಪನ್ನು ತಂದುದು, ಈ ಸ್ಥಿರತೆಯ ಫಲವೆಂದೇ ನಾನು ತಿಳಿಯುತ್ತೇನೆ.

ಒಂದೆಡೆ ನೆಲೆನಿಂತು ಕಲಿಸುವವನ ಮಹತ್ವವನ್ನು ನಮ್ಮ ಸೀಮೆಯವರು ಅರಿಯದವರಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬಾಲ್ಯದಲ್ಲಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋಗಿ ಓದಿ, ಅಲ್ಲಿನ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿ, ಪ್ರಾಂಶುಪಾಲರಾಗಿ, ಕುಲಪತಿ ಪದವಿಯನ್ನು ಕಂಡ ಮೇಲೂ ವಿದ್ಯಾರ್ಥಿನಿಲಯದ ಕೊಠಡಿಯಲ್ಲೇ ಬಾಳಿ, ಗೌರಿಬಿದನೂರಿಗೂ ಬಾಗೇಪಲ್ಲಿಗೂ ಕಾಲೇಜುಗಳನ್ನು ತಂದುಕೊಟ್ಟರು. ಅಂಥ ದೀರ್ಘನಿಷ್ಠೆಯ ಒಬ್ಬ ವ್ಯಾಯಾಮದ ಮೇಷ್ಟ್ರು ಚಿಂತಾಮಣಿಯಲ್ಲೋ ಶಿಡ್ಲಘಟ್ಟದಲ್ಲೋ ಇಪ್ಪತ್ತು ವರ್ಷ ನಿಂತಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದಾಗ ನನಗೆ ನಿಜವಾದ ವ್ಯಥೆಯಾಗುತ್ತದೆ.

ಅಂಥ ನಿರಂತರತೆಯ ಫಲವನ್ನು ಬೆಂಗಳೂರು ಇತ್ತೀಚೆಗೂ ಕಂಡಿದೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ತನ್ನ ಮೊದಲ ಋತುವಿನಲ್ಲೇ ಆಶ್ಲಿ ವೆಸ್ಟ್‌ವುಡ್ ಅವರ ಶಿಕ್ಷಣದಲ್ಲಿ, ಸುನಿಲ್ ಛೆಟ್ರಿಯವರ ನಾಯಕತ್ವದಲ್ಲಿ ಐ-ಲೀಗನ್ನು ಗೆದ್ದಿತು. ವೆಸ್ಟ್‌ವುಡ್ ಅವರ ತರುವಾಯ ಬಂದ ಆಲ್ಬರ್ಟ್ ರೋಕಾ 2016ರಲ್ಲಿ ತಂಡವನ್ನು ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೆ ಕೊಂಡೊಯ್ದರು. ಅವರಿಗೆ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಆಮೇಲೆ ಗುರುಪೀಠವನ್ನೇರಿ 2018-19ರ ಐ.ಎಸ್.ಎಲ್. ಪಟ್ಟವನ್ನು ತಂದರು. ಸಹಾಯಕನೇ ಉತ್ತರಾಧಿಕಾರಿಯಾದುದರಿಂದ ಪಾಠ ನಡುವೆ ಕಡಿಯಲಿಲ್ಲ.

ರಾಜ್ಯದ ತಂಡವು ಮಾತ್ರ 1969ರ ಬಳಿಕ ಸಂತೋಷ್ ಟ್ರೋಫಿಗಾಗಿ ಅರ್ಧ ಶತಮಾನಕ್ಕೂ ಮಿಕ್ಕಿ ಕಾಯಬೇಕಾಯಿತು. 2023ರ ಮಾರ್ಚಿನಲ್ಲಿ, ಈ ಪಂದ್ಯಾವಳಿಯ ಕೊನೆಯ ಘಟ್ಟವು ಮೊದಲ ಬಾರಿಗೆ ದೇಶದ ಹೊರಗೆ ರಿಯಾದಿನಲ್ಲಿ ನಡೆದಾಗ, ರವಿ ಬಾಬು ರಾಜು ಅವರು ತರಬೇತು ಮಾಡಿದ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಆ ಟ್ರೋಫಿಯನ್ನು ಮರಳಿ ತಂದಿತು. ಪಂದ್ಯಾವಳಿಗಾಗಿ ಕೂಡಿಸಿದ ತಂಡವದು. ಗೆದ್ದವರು ತಮ್ಮ ತಮ್ಮ ಸಂಘಗಳಿಗೆ ಹಿಂದಿರುಗುವರು, ಮುಂದಿನ ಸಲಕ್ಕೆ ಮತ್ತೆ ಹೊಸದಾಗಿ ಆಯ್ಕೆ ನಡೆಯಬೇಕು. ಆ ಮೇಷ್ಟ್ರನ್ನೂ ಆ ಹುಡುಗರಲ್ಲಿ ಮೈದಾನದ ನಡುವಿನಲ್ಲಿ ನಿಂತು ಆಟವನ್ನು ನಡೆಸಿದವರನ್ನೂ ಕೆಲವು ವರ್ಷವಾದರೂ ಒಟ್ಟಿಗಿರಿಸುವ ವ್ಯವಸ್ಥೆಯನ್ನು, ಹಿಂದೆ ಕಾರ್ಖಾನೆಗಳು ಮಾಡಿದಂತೆ, ಈಗ ಮಾಡಬಲ್ಲವರು ಮುಂದೆ ಬರಬೇಕಾಗಿದೆ.