ಬಾನಿನ ದನಿ, ಮನೆಯ ಪೆಟ್ಟಿಗೆ

‘ಆಕಾಶವಾಣಿ’ ಎಂಬ ಹೆಸರು ನಮ್ಮ ನಾಡಿನದೇ. ೧೯೩೫ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಬಾನುಲಿ ನಿಲಯವನ್ನು ಆರಂಭಿಸಿದಾಗ ಅದಕ್ಕೆ ಈ ಹೆಸರು ಬಂದಿತು. ಮುಂದೆ ಅದೇ ದೇಶದ ಪ್ರಸಾರ ಸಂಸ್ಥೆಯ ಹೆಸರೂ ಆಯಿತು. ಹೆಸರೇನೋ ಸೊಗಸಾದುದೇ. ಆದರೆ ಸ್ವಲ್ಪ ತಕರಾರಿನ ಬುದ್ಧಿಯಿಂದ ನೋಡಿದರೆ, ಆ ವಾಣಿ ಆಕಾಶದಿಂದ ಬರುತ್ತಿರಲಿಲ್ಲ. ನೆಲದಲ್ಲಿ ನೆಟ್ಟ ಕಬ್ಬಿಣದ ಕಂಬದಿಂದ ಬರುತ್ತಿತ್ತು. ಬೆಳಗಾವಿ ಸೀಮೆಯ ನಮಗೆ ಅದು ೧೯೫೦ರ ಜನವರಿ ೮ರಿಂದ ಧಾರವಾಡದ ದಿಕ್ಕಿನಿಂದ ಬರತೊಡಗಿತು. ಅಕ್ಷರಶಃ ಆಕಾಶದಿಂದಲೇ ಹಾಡುವ ರೇಡಿಯೋ ನಮ್ಮ ಮನೆಗಳಿಗೆ ಬಂದದ್ದು ೨೦೦೦ದ ತರುವಾಯ. ಹತ್ತು ವರ್ಷ ತುಂಬುವ ಮೊದಲೇ ಅದು ಹೊರಟೂ ಹೋಯಿತು. ಆ ಅಲ್ಪಾಯುಷ್ಯದ ರೇಡಿಯೋದ ವಿಷಯವನ್ನು, ಅದಕ್ಕಾಗಿ ಒಂದು ಸ್ಪೀಕರನ್ನು ಆರಿಸಲು ನಾನು ಪಟ್ಟ ಪಾಡಿನ ನೆವದಿಂದ, ಇಂದು ಹೇಳಬೇಕೆಂದಿದ್ದೇನೆ.

ಉಪಗ್ರಹವೆಂಬುದು ಉತ್ತರ ಕರ್ನಾಟಕಕ್ಕೆ ಆಗ ಹೊಸದೇನೂ ಆಗಿರಲಿಲ್ಲ. ೧೯೭೫ರ ಆಗಸ್ಟಿನಿಂದ ಒಂದು ವರ್ಷ ಕಾಲ ನಡೆದ ‘ಸೈಟ್’ ಪ್ರಯೋಗದಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ತಂತಿಬಲೆಯ ಹತ್ತಡಿ ಛತ್ರಿಗಳನ್ನು ನೆಟ್ಟು ಟೆಲಿವಿಷನ್ ನೋಡಿದ್ದವು. ಬೆಳಗಾವಿ ಜಿಲ್ಲೆ ಆ ಪಟ್ಟಿಯಲ್ಲಿರಲಿಲ್ಲ. ನಮ್ಮ ಸರದಿ ಬಂದದ್ದು ವರ್ಲ್ಡ್‌ಸ್ಪೇಸ್ ಮೂಲಕ. ಇಥಿಯೋಪಿಯಾ ಮೂಲದ ನೋವಾ ಸಮಾರಾ ಎಂಬವರು ೧೯೯೦ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದ ಕಂಪನಿ ಅದು. ಆಫ್ರಿಕಕ್ಕಾಗಿ ೧೯೯೮ರಲ್ಲಿ ಒಂದು, ಏಷ್ಯಾಕ್ಕಾಗಿ ೨೦೦೦ದ ಮಾರ್ಚಿಯಲ್ಲಿ ‘ಏಷ್ಯಾಸ್ಟಾರ್’ ಎಂಬ ಇನ್ನೊಂದು ಉಪಗ್ರಹವನ್ನು ಅವರು ಹಾರಿಸಿದರು. ಹಿಟಾಚಿ, ಜೆವಿಸಿ, ಪ್ಯಾನಾಸಾನಿಕ್, ಸ್ಯಾನ್ಯೊ ಕಂಪನಿಗಳು ಮೊದಲ ರೇಡಿಯೋಗಳನ್ನು ತಯಾರಿಸಿದವು. ಭಾರತದ ವ್ಯವಹಾರಕ್ಕೆ ಬೆಂಗಳೂರೇ ಕೇಂದ್ರ. ಹಿಂದೂಸ್ತಾನಿಗೆ ‘ಗಂಧರ್ವ್’, ಕರ್ನಾಟಕ ಸಂಗೀತಕ್ಕೆ ‘ಶ್ರುತಿ’, ಕನ್ನಡಕ್ಕೆ ‘ಸ್ಪರ್ಶ’ ಎಂದು ಬೇರೆ ಬೇರೆ ವಾಹಿನಿಗಳು. ಇಪ್ಪತ್ತನಾಲ್ಕು ತಾಸೂ ಶಾಸ್ತ್ರೀಯ ಸಂಗೀತ! ಬೆಳಿಗ್ಗೆ ಅರ್ಧ ತಾಸು, ರಾತ್ರಿ ಒಂದು ತಾಸು ಎಂದು ಪಥ್ಯದ ಅಳತೆಯಲ್ಲಿ ರಾಗಗಳನ್ನು ಕೇಳಿ ಬೆಳೆದ ನಮಗೆ ಇದು ನಂಬಲಾಗದ ಮಾತಾಗಿತ್ತು.

೨೦೦೫ರ ದೀಪಾವಳಿಗೆ ನಾನು ಅಂಥದೊಂದು ರೇಡಿಯೋವನ್ನು ಕೊಂಡು ಖಾನಾಪುರದ ನಮ್ಮ ಕಾಕಾ ಅವರಿಗೆ ಒಯ್ದು ಕೊಟ್ಟೆ. ಲೋಂಡಾ ರೈಲು ನಿಲ್ದಾಣದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಾಕು ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಕಣ್ಣಿನ ಪೊರೆಯ ಶಸ್ತ್ರಕ್ರಿಯೆ ಸರಿಹೋಗದೆ ಓದುವುದು ನಿಂತಿತ್ತು. ಬೆಳಗಾವಿಗೆ ಬನ್ನಿರೆಂದರೆ ಬರುವವರಲ್ಲ. ಅವರಿಗೆ ಉಳಿದಿದ್ದುದು ಕಿವಿಯೊಂದೇ. ಹರೆಯದಲ್ಲಿ ಅವರು ತಬಲಾ ಕಲಿತವರು. ಆದ್ದರಿಂದ ಆ ಕಿವಿ ಸುಮ್ಮನೆ ಒಪ್ಪಿಕೊಳ್ಳುವ ಕಿವಿಯೂ ಆಗಿರಲಿಲ್ಲ.

ಮೊದಲ ದಿನವೇ ತೊಡಕು ಕಾಣಿಸಿತು. ಏಷ್ಯಾಸ್ಟಾರ್ ಇದ್ದದ್ದು ಭೂಮಧ್ಯರೇಖೆಯ ಮೇಲೆ, ೧೦೫ ಡಿಗ್ರಿ ಪೂರ್ವ ರೇಖಾಂಶದಲ್ಲಿ, ಎಂದರೆ ಸುಮಾತ್ರಾದ ಪೂರ್ವದ ಕಡಲಿನ ನೆತ್ತಿಯಲ್ಲಿ, ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ. ನಮ್ಮ ಸೀಮೆಯಿಂದ ನೋಡಿದರೆ ಪೂರ್ವಕ್ಕಿಂತ ಸುಮಾರು ೨೫ ಡಿಗ್ರಿ ದಕ್ಷಿಣಕ್ಕೆ ಸರಿದು, ದಿಗಂತದಿಂದ ಸುಮಾರು ೫೦ ಡಿಗ್ರಿ ಮೇಲೆ. ಕಾಕಾ ಅವರ ಅಂಗಳದಲ್ಲಿ ಸರಿಯಾಗಿ ಆ ದಿಕ್ಕಿಗೆ ಒಂದು ಹಲಸಿನ ಮರ. ಈ ತರಂಗಗಳ ಉದ್ದ ಹೆಚ್ಚುಕಡಿಮೆ ಒಂದು ಗೇಣು. ಮಳೆಯ ಹನಿ ಅವುಗಳಿಗೆ ಲೆಕ್ಕಕ್ಕಿಲ್ಲ, ಆದರೆ ದಟ್ಟವಾದ ಹಸಿ ಎಲೆಗಳ ಚಪ್ಪರವನ್ನು ದಾಟಲಾರವು. ಒಂದು ಟೊಂಗೆಯನ್ನು ಕಡಿಸೋಣವೆಂದೆ. “ರೇಡಿಯೋ ಸಲುವಾಗಿ ಹಲಸಿನ ಟೊಂಗಿ ಕಡೀತಾರೇನೋ ತಮ್ಮಾ? ಹಾಡು ಇವತ್ತ ಬರತೈತಿ, ನಾಳೆ ಹೋಗತೈತಿ. ಹಣ್ಣು ವರ್ಷಾ ವರ್ಷಾ ಬರತಾವು” ಎಂದರು. ಕೊನೆಗೆ ಅಂಗೈಯಗಲದ ಆ ಆಂಟೆನಾವನ್ನು ತಂತಿಯೊಡನೆ ಬೇರ್ಪಡಿಸಿ ಹಿತ್ತಲ ಕಡೆಯ ಹೆಂಚಿನ ಅಂಚಿಗೆ ಕಟ್ಟಿದೆವು. ರೇಡಿಯೋ ಅಡಿಗೆಮನೆಯ ಕಿಟಕಿಯಲ್ಲಿ. ಕಾಕಾ ನಡುಮನೆಯ ಮಂಚದ ಮೇಲೆ. ನಡುವಿನ ಹನ್ನೆರಡು ಅಡಿಯನ್ನು ದಾಟಿಸಲು ಬೇರೆ ಸ್ಪೀಕರೇ ಬೇಕಾಯಿತು. ಮೂವತ್ತಾರು ಸಾವಿರ ಕಿಲೋಮೀಟರನ್ನು ಕಂಪನಿ ದಾಟಿಸಿತ್ತು. ಹನ್ನೆರಡು ಅಡಿ ನನ್ನ ಪಾಲಿಗೆ ಬಂತು.

ಇಲ್ಲಿ ಸ್ವಲ್ಪ ಹಿಂದಿನ ಮಾತು ಹೇಳಬೇಕು. ನಾನು ಚಿಕ್ಕವನಾಗಿದ್ದಾಗ ಬೆಳಗಾವಿಯ ನಮ್ಮ ಮನೆಯಲ್ಲಿ ವಾಲ್ವ್ ರೇಡಿಯೋ ಇತ್ತು. ಗೋಡೆಯಿಂದ ಗೋಡೆಗೆ ತಾಮ್ರದ ಜಾಳಿಗೆಯ ಪಟ್ಟಿ. ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕು. ಮರದ ಆ ಪೆಟ್ಟಿಗೆಯೊಳಗೆ ಊಟದ ತಟ್ಟೆಯಗಲದ ಸ್ಪೀಕರ್ ಇರುತ್ತಿತ್ತು. ಅರವತ್ತು-ಎಪ್ಪತ್ತರ ದಶಕಗಳಲ್ಲಿ ಟ್ರಾನ್ಸಿಸ್ಟರ್ ಬಂದಿತು. ರೇಡಿಯೋ ಹೊಲಕ್ಕೆ ಹೋಯಿತು, ಬಂಡಿಯಲ್ಲಿ ಕೂತಿತು, ಸೈಕಲ್ಲಿನ ಹ್ಯಾಂಡಲ್ಲಿಗೆ ಜೋತುಬಿತ್ತು. ಎಲ್ಲರೂ ಅದನ್ನು ಪ್ರಗತಿಯೆಂದೇ ಕರೆದರು, ತಪ್ಪೇನಿಲ್ಲ. ಆದರೆ ಸ್ಪೀಕರ್ ಬೋಗುಣಿಯಷ್ಟಾಯಿತು. ಸಾಗಿಸುವ ಸೌಲಭ್ಯಕ್ಕೆ ನಾವು ತೆತ್ತ ಬೆಲೆ ಡಗ್ಗಾ.

ಈ ಮಾತನ್ನು ಬಿಡಿಸಿ ಹೇಳುತ್ತೇನೆ. ಕರಿ ಒಂದರ ಶ್ರುತಿಯಲ್ಲಿ ಹಾಡುವ ಗಾಯಕನ ಷಡ್ಜ ಸೆಕೆಂಡಿಗೆ ಸುಮಾರು ೧೩೮ ಕಂಪನಗಳದು. ಅವನ ತಂಬೂರಿಯ ಖರ್ಜದ ತಂತಿ ಅದರ ಅರ್ಧ, ೬೯. ಮೂರಂಗುಲದ ಸ್ಪೀಕರ್ ಇಷ್ಟು ಕೆಳಗಿನ ನಾದವನ್ನು ಹೊರಡಿಸಲಾರದು. ಆದರೂ ಅದರಲ್ಲಿ ತಂಬೂರಿ ಕೇಳುತ್ತದೆ. ಕಾರಣ, ಜವಾರಿಯಿಂದ ಏಳುವ ಮೇಲಿನ ಸ್ವರಾಂಶಗಳು ಹೇರಳವಾಗಿದ್ದು, ಅವುಗಳ ಆಧಾರದ ಮೇಲೆ ನಮ್ಮ ಕಿವಿ ಇಲ್ಲದ ಖರ್ಜವನ್ನು ತಾನೇ ಕಲ್ಪಿಸಿಕೊಳ್ಳುತ್ತದೆ. ಡಗ್ಗಾಕ್ಕೆ ಆ ಅನುಕೂಲವಿಲ್ಲ. ಅಂಗೈಯೊತ್ತಿ ಎಳೆದ ಆ ಗುಮುಕು ಬಹುಪಾಲು ಕೆಳಗಿನ ಕಂಪನವೇ. ಸ್ಪೀಕರಿನಲ್ಲಿ ಅದಿಲ್ಲವೆಂದರೆ ಇಲ್ಲವೇ ಇಲ್ಲ. ಪುಟ್ಟ ಪೆಟ್ಟಿಗೆಯಲ್ಲಿ ತಬಲಾ ಎಂದರೆ ಬರಿಯ ಟಕಟಕ. ತಬಲಾ ಕಲಿತವನಿಗೆ ಅದು ಅರ್ಧ ವಾಕ್ಯ ಕೇಳಿದಂತೆ.

ಇದನ್ನೆಲ್ಲ ಬಲ್ಲೆನೆಂಬ ಜಂಬದಿಂದಲೇ ನಾನು ಮೊದಲ ತಪ್ಪನ್ನು ಮಾಡಿದೆ. ಬೆಳಗಾವಿಯ ಪೇಟೆಯಲ್ಲಿ ಸುತ್ತಿ, ಒಂದು ಆಂಪ್ಲಿಫೈಯರ್, ಸೊಂಟದೆತ್ತರದ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ಕೊಂಡು ಜೀಪಿನಲ್ಲಿ ಹೇರಿಕೊಂಡು ಹೋದೆ. ಡಗ್ಗಾ ಬಂತು; ಗೋಡೆಯ ಗಡಿಯಾರ ನಡುಗುವಷ್ಟು ಬಂತು. ಅದರೊಡನೆ ಬೇಡವಾದುದೂ ಬಂತು. ಉಪಗ್ರಹ ರೇಡಿಯೋದ ಧ್ವನಿಯನ್ನು ಸೆಕೆಂಡಿಗೆ ೧೬ರಿಂದ ೧೨೮ ಕಿಲೋಬಿಟ್‌ವರೆಗಿನ ಅಳತೆಗಳಲ್ಲಿ ಹಿಂಡಿ ಕಳಿಸುತ್ತಿದ್ದರು. ಹಿಂಡುವಾಗ ಕಿವಿ ಗುರುತಿಸಲಾರದೆಂದು ಬಗೆದ ಅಂಶಗಳನ್ನು ಬಿಟ್ಟುಬಿಡುತ್ತಾರೆ. ಚಿಕ್ಕ ಸ್ಪೀಕರ್ ಆ ಗುಟ್ಟನ್ನು ಕಾಪಾಡುತ್ತದೆ. ತಾರಸ್ಥಾಯಿಯನ್ನು ತೀಡಿ ತೋರಿಸುವ ದೊಡ್ಡ ಯಂತ್ರ ಅದನ್ನು ಬಯಲಿಗಿಡುತ್ತದೆ. ಸಭೆಯ ಚಪ್ಪಾಳೆ ಚುರಮುರಿ ಹುರಿದಂತೆ ಕೇಳುತ್ತಿತ್ತು.

ಆದರೆ ನಿಜವಾದ ಸೋಲು ಜೂನಿನಲ್ಲಿ ಆಯಿತು. ಖಾನಾಪುರ ತಾಲೂಕಿನ ಮಳೆಯನ್ನು ನೋಡದವರಿಗೆ ವರ್ಣಿಸುವುದು ಕಷ್ಟ. ಮಲಪ್ರಭೆ ಹುಟ್ಟುವ ಕಣಕುಂಬಿ ಇರುವುದು ಅದೇ ತಾಲೂಕಿನಲ್ಲಿ. ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ಕರೆಂಟಿನ ಸುಳಿವಿಲ್ಲ. ಅಂಥ ಒಂದು ಸಂಜೆ ನಾನು ಹೇಳದೆ ಹೋದಾಗ ಸ್ಪೀಕರುಗಳ ಮೇಲೆ ಹಳೆಯ ಪಂಚೆ ಹೊದಿಸಿತ್ತು. ಕಾಕಾ ಅಡಿಗೆಮನೆಯ ಕತ್ತಲಲ್ಲಿ ಕಿಟಕಿಗೆ ಒರಗಿ ನಿಂತು, ಬ್ಯಾಟರಿಯ ಮೇಲೆ ನಡೆಯುತ್ತಿದ್ದ ರೇಡಿಯೋಕ್ಕೆ ಕಿವಿ ಹಚ್ಚಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ! “ನೀ ತಂದ ಪೆಟ್ಟಿಗಿ ಛಲೋ ಐತಿ. ಕರೆಂಟ್ ಹೋದ ಮ್ಯಾಲ ಅದು ಕಪಾಟ ಆಗತೈತಿ, ಅಷ್ಟ” ಎಂದರು. ನನಗೆ ಮಾತು ಹೊರಡಲಿಲ್ಲ.

ಅಂದಿನ ರಾತ್ರಿ ಅವರೇ ಒಂದು ಹಳೆಯ ಸಂಗತಿಯನ್ನು ತೆಗೆದರು. ಲೋಂಡಾದಿಂದ ಗೋವೆಗೆ ಹೋಗುವ ರೈಲುದಾರಿಯಲ್ಲಿ ಕ್ಯಾಸಲ್‌ರಾಕ್ ನಿಲ್ದಾಣವಿದೆ. ಗೋವೆ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗ, ೧೯೫೫ರ ನವೆಂಬರಿನಿಂದ ೧೯೬೧ರವರೆಗೆ, ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೋ ಎಂಬವರು ಗುಪ್ತ ಬಾನುಲಿಯೊಂದನ್ನು ಮೊದಲು ಅಂಬೋಲಿ ಘಟ್ಟದಿಂದ, ಆಮೇಲೆ ಈ ಕ್ಯಾಸಲ್‌ರಾಕ್ ಕಾಡಿನಿಂದ ನಡೆಸಿದರು. ಟ್ರಕ್ಕಿನಲ್ಲಿ ಕೂಡಿಸಿದ ಪ್ರಸಾರ ಯಂತ್ರ. ಕೊಂಕಣಿ ಮತ್ತು ಪೋರ್ಚುಗೀಸ್ ಭಾಷೆಗಳಲ್ಲಿ ಪ್ರತಿದಿನದ ಸುದ್ದಿ. ೧೯೬೧ರ ಡಿಸೆಂಬರ್ ೧೯ರಂದು ಗೋವೆ ಬಿಡುಗಡೆಯಾದಾಗ ಅವರಿಬ್ಬರೂ ವಿಮಾನವೇರಿ, ಅದಕ್ಕೆ ಕಟ್ಟಿದ ಧ್ವನಿವರ್ಧಕದಿಂದ ಆ ವಾರ್ತೆಯನ್ನು ಊರೂರ ಮೇಲೆ ಸಾರಿದರು. ನಮ್ಮ ಸೀಮೆಯ ನೆತ್ತಿಯ ಮೇಲಿನ ಮೊದಲ ಆಕಾಶವಾಣಿ ಅದೇ ಎಂದು ಕಾಕಾ ಅವರ ವಾದ. (ಲಿಬಿಯಾ ಅವರಿಗೆ ನೂರರ ಗಡಿಯಲ್ಲಿ, ೨೦೨೫ರಲ್ಲಿ, ಪದ್ಮಶ್ರೀ ಬಂದಾಗ ನನಗೆ ಈ ವಾದ ನೆನಪಾಯಿತು.) “ಕಾಡಿನ್ಯಾಗ ಟ್ರಕ್ಕಿನ ಮ್ಯಾಲ ಇಡೀ ರೇಡಿಯೋ ಸ್ಟೇಷನ್ ನಡಿಸಿದ್ರು. ನಿನಗ ಒಂದು ಸ್ಪೀಕರ್ ಕೈಯಾಗ ಹಿಡಿಯೂವಂಥಾದ್ದು ಸಿಗವಲ್ದೇನು?” ಎಂದು ನಕ್ಕರು.

ಸಿಕ್ಕಿತು, ಆದರೆ ಅಂಗಡಿಯಲ್ಲಲ್ಲ. ಅಂಗಡಿಯಲ್ಲಿ ಕೈಯಲ್ಲಿ ಹಿಡಿಯುವಂಥದೆಲ್ಲ ಪ್ಲಾಸ್ಟಿಕ್ಕಿನದು, ಮೂರಂಗುಲದ್ದು, ದೀಪ ಮಿನುಗುವಂಥದು. ಬೆಳಗಾವಿಯ ಒಬ್ಬ ರೇಡಿಯೋ ರಿಪೇರಿಯವರು ಐದಂಗುಲದ ಒಂದೇ ಸ್ಪೀಕರನ್ನು ಸಾಗುವಾನಿಯ ಮುಚ್ಚಿದ ಪೆಟ್ಟಿಗೆಯಲ್ಲಿ ಕೂಡಿಸಿ, ಹನ್ನೆರಡು ವೋಲ್ಟಿನ ಬ್ಯಾಟರಿಯ ಮೇಲೆ ನಡೆಯುವ ಚಿಕ್ಕ ಆಂಪ್ಲಿಫೈಯರನ್ನು ಹೊಂದಿಸಿ, ಮೇಲೊಂದು ತೊಗಲಿನ ಹಿಡಿಕೆಯನ್ನು ಹಚ್ಚಿಕೊಟ್ಟರು. ಎರಡು ಬೇಡವೇ, ಸ್ಟೀರಿಯೋ ಇರುತ್ತದಲ್ಲ ಎಂದು ಕೇಳಿದೆ. ಒಬ್ಬ ಗಾಯಕ, ಒಂದು ತಂಬೂರಿ, ಒಂದು ತಬಲಾ. ಅಷ್ಟೂ ಮೂಲದಲ್ಲಿ ಒಂದೇ ಮೈಕಿನಲ್ಲಿ ಧ್ವನಿಮುದ್ರಣವಾದ ಹಳೆಯ ಹಾಡುಗಳು. ಎರಡನೆಯದಕ್ಕೆ ಕೆಲಸವೇನು ಎಂದರು. ಆ ಹಣವನ್ನು ಪೆಟ್ಟಿಗೆಯ ದಪ್ಪಕ್ಕೆ ಹಾಕಿರೆಂಬುದು ಅವರ ಸಲಹೆ. ಸ್ಪೀಕರುಗಳ ವಿಷಯದಲ್ಲಿ ನಾನು ಕೇಳಿದ ಮಾತುಗಳಲ್ಲಿ ಇಷ್ಟು ತೂಕದ್ದು ಇನ್ನೊಂದಿಲ್ಲ.

ಮುಂದಿನ ಮೂರು ಮಳೆಗಾಲಗಳು ಚೆನ್ನಾಗಿ ಸಂದವು. ಬೆಳಗಾವಿಯ ಪಕ್ಕದ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ದನಿ ಸುಮಾತ್ರಾದ ಕಡಲ ಮೇಲಿನಿಂದ ಖಾನಾಪುರಕ್ಕೆ ಇಳಿದು ಬರುವ ಸೋಜಿಗವನ್ನು ಕಾಕಾ ಬಂದವರಿಗೆಲ್ಲ ಹೇಳುತ್ತಿದ್ದರು. ೨೦೦೮ರ ಅಕ್ಟೋಬರಿನಲ್ಲಿ ಮೂಲ ಕಂಪನಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. ೨೦೦೯ರ ಡಿಸೆಂಬರ್ ೩೧ಕ್ಕೆ ಭಾರತದಲ್ಲಿ ಪ್ರಸಾರ ನಿಂತಿತು. ಅಂದು ನಾನು ಖಾನಾಪುರಕ್ಕೆ ಹೋಗಿದ್ದೆ. ದನಿ ನಿಂತ ಮೇಲೂ ಅವರು ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದು, ಆಮೇಲೆ ಸ್ಪೀಕರಿನ ತಂತಿಯನ್ನು ತಮ್ಮ ಹಳೆಯ ಟ್ರಾನ್ಸಿಸ್ಟರಿಗೆ ಚುಚ್ಚಲು ಹೇಳಿದರು. ೭೬೫ ಕಿಲೋಹರ್ಟ್ಸಿನ ಧಾರವಾಡ ಗೊರಗೊರ ಎನ್ನುತ್ತ ಬಂತು. “ಡಗ್ಗಾ ಕೇಳತೈತಿ” ಎಂದರು.

ಕಾಕಾ ೨೦೧೨ರಲ್ಲಿ ತೀರಿಕೊಂಡರು. ಆ ಸಾಗುವಾನಿಯ ಪೆಟ್ಟಿಗೆ ಈಗ ಟಿಳಕವಾಡಿಯ ನಮ್ಮ ಮನೆಯಲ್ಲಿದೆ. ಆಕಾಶವಾಣಿಯವರು ೨೦೧೬ರ ಜನವರಿ ೨೬ರಂದು ಬೆಂಗಳೂರಿನಿಂದ ‘ರಾಗಂ’ ಎಂಬ ಶಾಸ್ತ್ರೀಯ ಸಂಗೀತದ ವಾಹಿನಿಯನ್ನು ಆರಂಭಿಸಿದ ಮೇಲೆ, ದೂರದರ್ಶನದ ಛತ್ರಿಯ ಮೂಲಕ ಅದನ್ನು ಹಿಡಿದು ಇದೇ ಪೆಟ್ಟಿಗೆಗೆ ಜೋಡಿಸಿದೆ. ಈ ತರಂಗಗಳ ಉದ್ದ ಬರಿಯ ಒಂದಂಗುಲ; ಮಳೆಯೆಂದರೆ ಇವುಗಳಿಗೆ ಆಗದು. ಜುಲೈಯ ಸಂಜೆ ಮಳೆ ಜೋರಾಗಿ ಹಿಡಿದರೆ ಖಯಾಲು ನಡುವೆಯೇ ತುಂಡಾಗುತ್ತದೆ. ನಾನು ಆರಿಸದೆ ಕೂತಿರುತ್ತೇನೆ. ಹತ್ತು ಹದಿನೈದು ನಿಮಿಷಕ್ಕೆ ಮಳೆ ಸಡಿಲಾಗಿ ದನಿ ಮರಳುವಾಗ ವಿಲಂಬಿತ ಮುಗಿದು ದ್ರುತ ನಡೆದಿರುತ್ತದೆ.